ಟಕಟಕ ಸದ್ದು, ಉರಿಯುವ ದೀಪ, ಏಳದ ಎಂಜಿನ್
ವಾಹನ ಸಮಸ್ಯೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಟೊಮೆಟೊ ಬೆಳೆಗಾರ. ನನ್ನ ಬಳಿ 2012ರ ಡೀಸೆಲ್ ಪಿಕಪ್ ಇದೆ. ನಸುಕಿನ ಮೂರು ಗಂಟೆಗೆ ಬಾಕ್ಸುಗಳನ್ನು ಹೇರಿಕೊಂಡು ಮಾರುಕಟ್ಟೆಗೆ ಹೊರಡಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಕೀಲಿ ತಿರುಗಿಸಿದರೆ ಬಾನೆಟ್ಟಿನೊಳಗೆ ಟಕಟಕಟಕ ಎಂಬ ಸದ್ದು ಮಾತ್ರ ಬರುತ್ತದೆ, ಎಂಜಿನ್ ತಿರುಗುವುದಿಲ್ಲ. ಬ್ಯಾಟರಿ ಹೋಗಿದೆ ಎಂದರು. ಎಂಟು ತಿಂಗಳ ಹಿಂದೆ ಹೊಸದನ್ನು ಹಾಕಿಸಿದೆ. ಎರಡು ತಿಂಗಳು ಸರಿಯಾಗಿತ್ತು, ಮತ್ತೆ ಅದೇ ಕಥೆ. ಬ್ಯಾಟರಿ ಅಂಗಡಿಯವರು ಪರೀಕ್ಷಿಸಿ, ಚಾರ್ಜು ಕಡಿಮೆ ಇದೆ, ಆದರೆ ಬ್ಯಾಟರಿ ಕೆಟ್ಟಿಲ್ಲ ಎಂದು ಚಾರ್ಜು ಮಾಡಿ ಕೊಟ್ಟರು. ಚಾರ್ಜು ಮಾಡಿಸಿದ ಮರುದಿನವೂ ಸದ್ದು ಬಂತು. ಆಗ ಹೆಡ್‌ಲೈಟ್ ಹಾಕಿ ನೋಡಿದರೆ ಚೆನ್ನಾಗಿಯೇ ಉರಿಯುತ್ತಿತ್ತು. ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ 14.2 ವೋಲ್ಟ್ ಕೊಡುತ್ತಿದೆ, ಸೆಲ್ಫ್ ಬದಲಿಸಬೇಕು ಎನ್ನುವುದು ಆಟೋ ಎಲೆಕ್ಟ್ರೀಷಿಯನ್ ಮಾತು. ಕಳೆದ ವರ್ಷ ಕ್ಲಚ್ ಪ್ಲೇಟ್ ಬದಲಿಸಿ, ಎಫ್‌ಸಿಗೆಂದು (ಗಾಡಿಯ ಅರ್ಹತಾ ಪತ್ರಕ್ಕೆಂದು) ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಬಣ್ಣ ಹೊಡೆಸಿದ್ದು ಬಿಟ್ಟರೆ ದೊಡ್ಡ ಕೆಲಸವೇನೂ ಆಗಿಲ್ಲ. ಇದಕ್ಕೆ ಸಂಬಂಧವಿದೆಯೋ ಇಲ್ಲವೋ, ಈಚೆಗೆ ಆಕ್ಸಿಲರೇಟರ್ ಪೆಡಲು ಬಿಗಿಯಾಗಿದೆ, ಅದರ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಒಂದೆಡೆ ಕರಗಿದಂತಿದೆ. ಸೆಲ್ಫ್ ಬದಲಿಸಲೇ?

ಉತ್ತರ: ಬದಲಿಸಬೇಡಿ, ಸದ್ಯಕ್ಕಂತೂ ಬೇಡ. ಸಂಬಂಧವಿದೆಯೋ ಇಲ್ಲವೋ ಎಂದು ಅನುಮಾನಿಸುತ್ತ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಆ ಕರಗಿದ ಕೇಬಲ್ಲೇ ನನ್ನ ಕಣ್ಣಿಗೆ ಮೊದಲು ಬಿದ್ದದ್ದು. ಅದಕ್ಕೆ ಬರುವ ಮೊದಲು ಆ ಟಕಟಕ ಸದ್ದು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಈ ಸದ್ದು ಕೇಳಿದ ಕೂಡಲೇ ಬ್ಯಾಟರಿ ಬದಲಿಸಿ ಎನ್ನುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ.

ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ, ನಾವು ಸೆಲ್ಫ್ ಎಂದು ಕರೆಯುವ ಸಾಧನ ಒಂದೇ ವಸ್ತುವಲ್ಲ, ಎರಡರ ಜೋಡಿ. ಕೆಳಗಿರುವ ದಪ್ಪ ಉರುಳೆ ಮೋಟರು; ಅದರ ಬೆನ್ನ ಮೇಲೆ ಮರಿಯಂತೆ ಕುಳಿತಿರುವ ಚಿಕ್ಕ ಉರುಳೆ ಸೊಲೆನಾಯ್ಡ್. ಕೀಲಿ ತಿರುಗಿಸಿದಾಗ ತೆಳುವಾದ ತಂತಿಯೊಂದರ ಮೂಲಕ ಸೊಲೆನಾಯ್ಡಿಗೆ ವಿದ್ಯುತ್ತು ಹೋಗುತ್ತದೆ. ಅದರೊಳಗಿನ ಕಬ್ಬಿಣದ ದಿಂಡು ಹಿಂದಕ್ಕೆ ಎಳೆಯಲ್ಪಟ್ಟು, ಒಂದು ಕಡೆ ಹಲ್ಲುಚಕ್ರವನ್ನು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿಗೆ ತಳ್ಳುತ್ತದೆ, ಇನ್ನೊಂದು ಕಡೆ ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಬೋಲ್ಟುಗಳ ಮೇಲೆ ಒತ್ತಿ ಬ್ಯಾಟರಿಯ ಪೂರ್ತಿ ಬಲವನ್ನು ಮೋಟರಿಗೆ ಬಿಡುತ್ತದೆ. ದಿಂಡು ಹೋಗಿ ಬಡಿಯುವ ಸದ್ದೇ ನೀವು ಕೇಳುವ ಟಕ್.

ಸೊಲೆನಾಯ್ಡಿನ ಒಳಗೆ ಸುರುಳಿಗಳು ಎರಡು. ಒಂದು ದಿಂಡನ್ನು ಎಳೆಯುವ ಬಲವಾದ ಸುರುಳಿ, ಇನ್ನೊಂದು ಎಳೆದದ್ದನ್ನು ಹಿಡಿದಿಡುವ ಸಣ್ಣ ಸುರುಳಿ. ಬಿಲ್ಲೆ ಕೂತ ಕ್ಷಣವೇ ಎಳೆಯುವ ಸುರುಳಿಯ ಎರಡೂ ತುದಿಗಳಿಗೆ ಒಂದೇ ವೋಲ್ಟೇಜು ಬಂದು ಅದು ಸುಮ್ಮನಾಗುತ್ತದೆ. ಉಳಿದ ಕೆಲಸವೆಲ್ಲ ಹಿಡಿಯುವ ಸುರುಳಿಯದು. ಮೋಟರು ನೂರಾರು ಆಂಪಿಯರನ್ನು ಒಮ್ಮೆಗೇ ಕೇಳುವುದೂ ಅದೇ ಕ್ಷಣದಲ್ಲಿ. ಆಗ ಎಲ್ಲೋ ವೋಲ್ಟೇಜು ಕುಸಿದರೆ ಹಿಡಿಯುವ ಸುರುಳಿಯ ಹಿಡಿತ ತಪ್ಪುತ್ತದೆ, ಸ್ಪ್ರಿಂಗು ದಿಂಡನ್ನು ಮುಂದಕ್ಕೆ ನೂಕುತ್ತದೆ, ಬಿಲ್ಲೆ ಬಿಡುತ್ತದೆ, ಹೊರೆ ಇಳಿಯಿತೆಂದು ವೋಲ್ಟೇಜು ಮತ್ತೆ ಏರುತ್ತದೆ, ದಿಂಡು ಮತ್ತೆ ಎಳೆಯಲ್ಪಡುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ನಡೆಯುವ ಈ ಹಗ್ಗಜಗ್ಗಾಟವೇ ಟಕಟಕಟಕ. ಆದ್ದರಿಂದ ಈ ಸದ್ದು ಹೇಳುವುದು ಇಷ್ಟೇ: ಹೊರೆ ಬಿದ್ದಾಗ ಸೆಲ್ಫಿನ ಬಳಿ ವೋಲ್ಟೇಜು ನಿಲ್ಲುತ್ತಿಲ್ಲ. ಅದು ಬ್ಯಾಟರಿಯಲ್ಲೇ ಇಲ್ಲವೋ, ಬ್ಯಾಟರಿಯಲ್ಲಿದ್ದೂ ದಾರಿಯಲ್ಲಿ ಕಳೆದುಹೋಗುತ್ತಿದೆಯೋ ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳುವುದು ನಿಮ್ಮ ಹೆಡ್‌ಲೈಟು. ಬ್ಯಾಟರಿ ಸೋತಿದ್ದರೆ ಕೀಲಿ ತಿರುಗಿಸಿದಾಗ ದೀಪ ಕೆಂಡದಂತೆ ಮಂಕಾಗಿ, ಸದ್ದಿನ ತಾಳಕ್ಕೆ ಸರಿಯಾಗಿ ಮಿಣುಕಬೇಕಿತ್ತು. ನಿಮ್ಮದು ಉರಿಯುತ್ತಲೇ ಇದೆ. ಕೀಲಿ ತಿರುಗಿಸಿ ಹಿಡಿದಾಗಲೂ ದೀಪ ಹಾಗೆಯೇ ಇತ್ತೇ ಎಂಬುದನ್ನು ನೀವು ಬರೆದಿಲ್ಲ. ಇಂದು ರಾತ್ರಿ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ನೋಡಿ. ಒಂದಿಷ್ಟು ಮಬ್ಬಾಗಿಯೂ ಬೆಳಕು ನಿಂತರೆ, ಬ್ಯಾಟರಿಯಲ್ಲಿ ಬಲವಿದೆ, ಸೆಲ್ಫಿಗೆ ತಲಪುತ್ತಿಲ್ಲ ಎಂದೇ ಅರ್ಥ.

ಬಲ ತಲಪುವ ದಾರಿಗಳು ಎರಡು. ಬ್ಯಾಟರಿಯ ಪ್ಲಸ್ಸಿನಿಂದ ಸೆಲ್ಫಿಗೆ ಬರುವ ದಪ್ಪ ಕೇಬಲ್ ಎಲ್ಲರಿಗೂ ಕಾಣುತ್ತದೆ. ಮರಳಿ ಹೋಗುವ ದಾರಿ ಕಾಣುವುದಿಲ್ಲ. ಸೆಲ್ಫಿಗೆ ಮೈನಸ್ ತಂತಿಯೇ ಇಲ್ಲ. ಅದರ ಲೋಹದ ಮೈ ಎಂಜಿನ್ನಿಗೆ ಬೋಲ್ಟಾಗಿದೆ, ಎಂಜಿನ್ನು ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿದೆ, ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಹಾಗಾಗಿ ಎಂಜಿನ್ನಿನಿಂದ ಅಥವಾ ಗೇರ್‌ಬಾಕ್ಸಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯನ್ನೋ ದಪ್ಪ ಕಪ್ಪು ಕೇಬಲನ್ನೋ ಹಾಕಿರುತ್ತಾರೆ. ಇದೇ ಅರ್ತ್ ಪಟ್ಟಿ. ಪಟ್ಟಿ ಗೇರ್‌ಬಾಕ್ಸಿಗೆ ಕಟ್ಟಿದ್ದರೆ, ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸುವಾಗ ಇದನ್ನು ಬಿಚ್ಚದೆ ಗತ್ಯಂತರವಿಲ್ಲ. ಮತ್ತೆ ಕಟ್ಟುವಾಗ ಮರೆತುಹೋಗುವ ಅಥವಾ ಹೆಸರಿಗಷ್ಟೇ ಬಿಗಿಯುವ ಮೊದಲ ವಸ್ತುವೂ ಇದೇ. ಅದರ ಮೇಲೆ ನಿಮ್ಮ ಎಫ್‌ಸಿ ಬಣ್ಣ. ಚಾಸಿಯ ಬೋಲ್ಟಿನ ಸುತ್ತ ದಪ್ಪಗೆ ಕಪ್ಪು ಬಣ್ಣ ಕೂತು, ಅದರ ಮೇಲೆ ಪಟ್ಟಿಯ ಕಣ್ಣು ಬಿಗಿದಿದ್ದರೆ, ನೋಡಲು ಅಚ್ಚುಕಟ್ಟು, ವಿದ್ಯುತ್ತಿಗೆ ಗೋಡೆ. (ಎಫ್‌ಸಿಗೆ ಹೊಡೆಸುವ ಬಣ್ಣ ತಪಾಸಣೆಗೆ ಚೆಂದ, ತುಕ್ಕನ್ನು ಮುಚ್ಚುವುದರ ಜೊತೆಗೆ ಅದು ಮುಚ್ಚಬಾರದ್ದನ್ನೂ ಮುಚ್ಚಿರುವುದನ್ನು ನಾನು ಎಷ್ಟು ಗಾಡಿಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ.)

ಈಗ ಆಕ್ಸಿಲರೇಟರ್ ಕೇಬಲ್ಲಿಗೆ ಬರೋಣ. ಸರಿಯಾದ ದಾರಿ ಮುಚ್ಚಿದಾಗ ವಿದ್ಯುತ್ತು ಸುಮ್ಮನೆ ಕೂರುವುದಿಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಬೇರೆ ಯಾವ ಲೋಹದ ಸಂಪರ್ಕ ಸಿಕ್ಕರೂ ಅದರಲ್ಲೇ ನುಗ್ಗುತ್ತದೆ. ನಿಮ್ಮ ಗಾಡಿಯಲ್ಲಿ ಪೆಡಲಿನಿಂದ ಡೀಸೆಲ್ ಪಂಪಿಗೆ ಹೋಗುವ ಉಕ್ಕಿನ ತಂತಿಯೇ ಅಂಥ ಸಂಪರ್ಕ. ಕಾಲಿನ ಒತ್ತಡಕ್ಕೆಂದು ಮಾಡಿದ ಆ ಸಣ್ಣ ತಂತಿಯಲ್ಲಿ ಸೆಲ್ಫಿನ ಹೊರೆ ಹರಿದರೆ ಅದು ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ತಂತಿಗೆ ಅಂಟುತ್ತದೆ, ಪೆಡಲು ಬಿಗಿಯಾಗುತ್ತದೆ. ಎರಡು ರೋಗವೆಂದು ನೀವು ತಿಳಿದದ್ದು ಒಂದೇ ರೋಗ. ಸೈಲೆನ್ಸರಿಗೆ ತಾಗಿಯೂ ಕೇಬಲ್ ಕರಗಬಹುದು, ಆದ್ದರಿಂದ ಕರಗಿದ ಜಾಗ ಬಿಸಿ ಕೊಳವೆಯ ಹತ್ತಿರವಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಊಹೆಯನ್ನು ನಂಬಿ ಹಣ ಖರ್ಚು ಮಾಡಬಾರದು, ಅಳೆದು ನೋಡಬೇಕು. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು 20 ವೋಲ್ಟಿನ ಡಿಸಿ ಅಳತೆಗೆ ಇಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೇ ಒತ್ತಿ, ಅದರ ಮೇಲಿನ ಕ್ಲಾಂಪಿಗಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಉದಾಹರಣೆಗೆ ಎಂಜಿನ್ ಎತ್ತುವ ಕೊಕ್ಕೆಯನ್ನು ಉಜ್ಜಿ ಅದಕ್ಕೆ, ಒತ್ತಿ ಹಿಡಿಯಿರಿ. ಕೀಲಿ ತಿರುಗಿಸದಿದ್ದಾಗ ಮೀಟರು ಸೊನ್ನೆ ತೋರಿಸುತ್ತದೆ, ಅದರಿಂದ ಏನೂ ತಿಳಿಯದು. ಇನ್ನೊಬ್ಬರಿಗೆ ಕೀಲಿ ತಿರುಗಿಸಲು ಹೇಳಿ. ಆ ಎರಡು ಮೂರು ಸೆಕೆಂಡಿನಲ್ಲಿ ಮೀಟರು 0.2 ಅಥವಾ 0.3 ವೋಲ್ಟಿನೊಳಗೆ ಇದ್ದರೆ ಅರ್ತ್ ಸರಿಯಾಗಿದೆ, ನನ್ನ ಊಹೆ ಸುಳ್ಳು. ಅಂಕಿಗಳು ಕುಣಿಯುತ್ತ ಮೂರು, ನಾಲ್ಕು, ಐದು ವೋಲ್ಟಿಗೆ ಏರಿದರೆ ಅಷ್ಟೂ ವೋಲ್ಟು ಮರಳುವ ದಾರಿಯಲ್ಲಿ ಸೋರಿಹೋಗುತ್ತಿದೆ ಎಂದಾಯಿತು. ಅರ್ತ್ ಸರಿಯಿದ್ದರೆ ಪ್ಲಸ್ ಕಡೆಯನ್ನೂ ಹೀಗೆಯೇ, ಬ್ಯಾಟರಿಯ ಪ್ಲಸ್ ಗೂಟದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ಅಳೆಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬೀಳಬಾರದು.

ಓಮ್ ಅಳತೆಯಲ್ಲಿ ಪಟ್ಟಿಯನ್ನು ಪರೀಕ್ಷಿಸಿ, ಸರಿಯಾಗಿದೆ ಎಂದು ಹೇಳುವವರಿದ್ದಾರೆ. ಅದನ್ನು ಒಪ್ಪಬೇಡಿ. ಸೆಲ್ಫು 200 ಆಂಪಿಯರ್ ಎಳೆಯುವಾಗ ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 2 ವೋಲ್ಟು ಹೋಗುತ್ತದೆ, 400 ವ್ಯಾಟಿನಷ್ಟು ಶಾಖ ಆ ಒಂದು ಸಂದಿಯಲ್ಲಿ ಹುಟ್ಟುತ್ತದೆ. ಸಾಧಾರಣ ಮೀಟರಿನ ಕಡ್ಡಿಗಳಲ್ಲೇ ಅದಕ್ಕಿಂತ ಹೆಚ್ಚು ತಡೆ ಇರುತ್ತದೆ. ಟೆಸ್ಟ್ ಲ್ಯಾಂಪ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಹೆಣೆದ ಪಟ್ಟಿಯ ಎಳೆಗಳಲ್ಲಿ ನಾಲ್ಕೈದು ಉಳಿದಿದ್ದರೂ ಆ ಪುಟ್ಟ ಬಲ್ಬು ಬೆಳಗುತ್ತದೆ.

ಮೀಟರು ಇಲ್ಲದಿದ್ದರೆ ಇನ್ನೂ ಸುಲಭದ ದಾರಿಯೊಂದಿದೆ. ಬ್ಯಾಟರಿಗಳನ್ನು ಜೋಡಿಸುವ ಜಂಪರ್ ಕೇಬಲ್ಲಿನ ಕಪ್ಪು ತಂತಿಯೊಂದನ್ನೇ ತೆಗೆದುಕೊಂಡು, ಮೊದಲು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ, ಆಮೇಲೆ ಇನ್ನೊಂದನ್ನು ಬ್ಯಾಟರಿಯಿಂದ ದೂರವಿರುವ ಎಂಜಿನ್ನಿನ ಬರಿ ಲೋಹಕ್ಕೂ ಕಚ್ಚಿಸಿ ಕೀಲಿ ತಿರುಗಿಸಿ. ಇಷ್ಟು ದಿನ ಟಕಟಕ ಎನ್ನುತ್ತಿದ್ದ ಸೆಲ್ಫು ಜಗ್ಗನೆ ಎಂಜಿನ್ನನ್ನು ಎತ್ತಿದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಹಾಗಿದ್ದರೆ ಹೊಸ ಬ್ಯಾಟರಿಯ ಚಾರ್ಜು ಏಕೆ ಇಳಿಯಿತು ಎಂದು ಕೇಳುವಿರಿ. ಆಲ್ಟರ್ನೇಟರ್ ಕೂಡ ಎಂಜಿನ್ನಿಗೇ ಬೋಲ್ಟಾಗಿದೆ, ಅದರ ಮೈನಸ್ ದಾರಿಯೂ ಅದೇ ಪಟ್ಟಿ. ಎಲೆಕ್ಟ್ರೀಷಿಯನ್ ಕಂಡ 14.2 ಸುಳ್ಳಲ್ಲ, ಆದರೆ ಅವರು ಕಪ್ಪು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೇ ಇಟ್ಟು ಅಳೆದಿರಬೇಕು. ನೀವು ನಸುಕಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಓಡಿಸುವವರು. ದೀಪದ ವಿದ್ಯುತ್ತೆಲ್ಲ ಆ ಕೆಟ್ಟ ಸಂದಿಯ ಮೂಲಕವೇ ಆಲ್ಟರ್ನೇಟರಿಗೆ ಮರಳಬೇಕು, ಅಲ್ಲಿ ಒಂದು ಒಂದೂವರೆ ವೋಲ್ಟು ಕಳೆದರೆ ಬ್ಯಾಟರಿಗೆ ಸಿಗುವುದು 13ರ ಆಸುಪಾಸು ಮಾತ್ರ. ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ. ನಿಮ್ಮ ಹಳೆಯ ಬ್ಯಾಟರಿ ಹೀಗೆಯೇ ಅರೆಹೊಟ್ಟೆಯಲ್ಲಿ ಸೊರಗಿರಬಹುದು. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಎರಡು ಗೂಟಗಳ ನಡುವೆಯೇ ಅಳೆಯಿರಿ, 13.8 ರಿಂದ 14.5 ಇರಬೇಕು.

ರಿಪೇರಿ ದೊಡ್ಡದಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಪಟ್ಟಿಯ ಎರಡೂ ತುದಿಗಳನ್ನು ಬಿಡಿಸಿ, ಚಾಸಿಯಲ್ಲೂ ಗೇರ್‌ಬಾಕ್ಸಿನಲ್ಲೂ ಪಟ್ಟಿ ಕೂರುವ ಜಾಗವನ್ನು ಮರಳುಕಾಗದದಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿಸಿ. ಪಟ್ಟಿಯ ಎಳೆಗಳು ಹಸಿರುಗಟ್ಟಿದ್ದರೆ ಹೊಸದನ್ನೇ ಹಾಕಿಸಿ. ಹಲ್ಲಿನ ವಾಷರ್ ಇಟ್ಟು ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ, ಸಂದಿಯೊಳಗಲ್ಲ. ಬ್ಯಾಟರಿಯ ಮೈನಸ್ ಕೇಬಲ್ ಚಾಸಿಗೆ ಸೇರುವ ಬೋಲ್ಟಿಗೂ ಇದೇ ಉಪಚಾರವಾಗಲಿ. ಬಿಗಿಯಾಗಿರುವ ಆಕ್ಸಿಲರೇಟರ್ ಕೇಬಲನ್ನು ತಪ್ಪದೆ ಬದಲಿಸಿ. ಇಳಿಜಾರಿನಲ್ಲಿ ಪೆಡಲು ಒತ್ತಿದಲ್ಲೇ ಸಿಕ್ಕಿಕೊಂಡರೆ ಆಗುವ ಅನಾಹುತ ಸ್ಟಾರ್ಟ್ ಆಗದಿರುವುದಕ್ಕಿಂತ ಬಹಳ ದೊಡ್ಡದು.

ಪ್ರಶ್ನೆ: ನಾವು ಶಿರಸಿ ಕಡೆಯ ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ಪಿಕಪ್ ನಾಲ್ಕೈದು ದಿನ ಕೊಟ್ಟಿಗೆಯಲ್ಲೇ ನಿಂತರೆ ಸ್ಟಾರ್ಟ್ ಆಗುವುದಿಲ್ಲ. ಟಕಟಕ ಎನ್ನುತ್ತದೆ, ಮೀಟರಿನ ದೀಪಗಳೆಲ್ಲ ಆರಿಹೋಗುತ್ತವೆ. ದಿನವೂ ಓಡಿಸುತ್ತಿದ್ದರೆ ತೊಂದರೆಯಿಲ್ಲ. ಬ್ಯಾಟರಿ ಒಂದು ವರ್ಷದ್ದು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಜಂಪರ್ ಕೊಟ್ಟು ಸ್ಟಾರ್ಟ್ ಮಾಡುತ್ತಿದ್ದೇವೆ. ಇದರಿಂದ ಹಾನಿಯಿದೆಯೇ?

ಉತ್ತರ: ಸದ್ದು ಮೇಲಿನವರ ಸದ್ದೇ, ಆದರೆ ದೀಪ ಆರುತ್ತಿದೆ ಎಂಬ ಒಂದು ಮಾತಿನಿಂದ ದಾರಿ ಬೇರೆಯಾಗುತ್ತದೆ. ನಿಮ್ಮ ಬ್ಯಾಟರಿ ನಿಜಕ್ಕೂ ಬರಿದಾಗುತ್ತಿದೆ. ಹನ್ನೆರಡು ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನಿದ್ದಾಗ 12.6 ವೋಲ್ಟು ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ, 11.8 ಎಂದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ. ಅಂದರೆ 12 ವೋಲ್ಟ್ ಇದೆ, ಬ್ಯಾಟರಿ ಚೆನ್ನಾಗಿದೆ ಎನ್ನುವುದು ತಪ್ಪು ತಿಳಿವಳಿಕೆ.

ದಿನವೂ ಓಡಿಸಿದರೆ ಸರಿಯಿರುತ್ತದೆ, ನಿಂತರೆ ಇಳಿಯುತ್ತದೆ ಎಂದ ಮೇಲೆ, ಕೀಲಿ ತೆಗೆದ ಬಳಿಕವೂ ಏನೋ ಒಂದು ವಿದ್ಯುತ್ತನ್ನು ಕುಡಿಯುತ್ತಿದೆ. ಲೆಕ್ಕ ಹಾಕಿ ನೋಡಿ: 300 ಮಿಲಿಆಂಪಿಯರ್ ಎಂದರೆ ಒಂದು ಸಣ್ಣ ಬಲ್ಬಿನಷ್ಟೂ ಅಲ್ಲ, ಆದರೆ ದಿನಕ್ಕೆ 7.2 ಆಂಪಿಯರ್-ಅವರ್, ಐದು ದಿನಕ್ಕೆ 36. ನಿಮ್ಮದು 75 ಆಂಪಿಯರ್-ಅವರ್ ಬ್ಯಾಟರಿಯಾದರೆ ಹತ್ತಿರ ಹತ್ತಿರ ಅರ್ಧ ಹೋಯಿತು. ಆ ಅರ್ಧದಲ್ಲಿ ಡೀಸೆಲ್ ಎಂಜಿನ್ನಿನ ಗಟ್ಟಿ ಕಂಪ್ರೆಶನ್ ಎತ್ತುವುದು ಕಷ್ಟ.

ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ, ಗೂಟಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ಅಳತೆಯಲ್ಲಿ ಸೇರಿಸಿ. ಮೀಟರು ಸೇರಿಸಿರುವಾಗ ಕೀಲಿ ತಿರುಗಿಸಬಾರದು, ಹೆಡ್‌ಲೈಟ್ ಹಾಕಬಾರದು. ಮೀಟರಿನ ಫ್ಯೂಸು ಸುಟ್ಟುಹೋಗುತ್ತದೆ. ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡಿದರೆ 50 ಮಿಲಿಆಂಪಿಯರಿನೊಳಗೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸು ಕಿತ್ತು, ಯಾವುದನ್ನು ಕಿತ್ತಾಗ ಅಂಕಿ ಇಳಿಯಿತು ಎಂದು ಗಮನಿಸಿ. ಆಮೇಲೆ ಹಾಕಿಸಿದ ಹಾಡಿನ ಪೆಟ್ಟಿಗೆ, ಎಲ್‌ಇಡಿ ಪಟ್ಟಿ, ಜಿಪಿಎಸ್ ಸಾಧನ, ಇವುಗಳ ತಂತಿಯನ್ನು ಫ್ಯೂಸು ಪೆಟ್ಟಿಗೆಗೆ ತಾರದೆ ನೇರ ಬ್ಯಾಟರಿಗೇ ಸಿಕ್ಕಿಸಿರುವುದು ಸಾಮಾನ್ಯ, ಅವನ್ನು ಬೇರೆಯಾಗಿ ಬಿಚ್ಚಿ ನೋಡಬೇಕು. ಎಲ್ಲ ಫ್ಯೂಸು ಕಿತ್ತರೂ ಅಂಕಿ ಕದಲದಿದ್ದರೆ ಆಲ್ಟರ್ನೇಟರಿನ ಡಯೋಡುಗಳು ಹಿಮ್ಮುಖವಾಗಿ ಸೋರುತ್ತಿರಬಹುದು. ಮೀಟರು ತೆಗೆದು, ಬ್ಯಾಟರಿ ಬಿಚ್ಚಿದ್ದಾಗಲೇ ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿ, ತುದಿಗೆ ರಬ್ಬರು ಸುತ್ತಿ ಮತ್ತೆ ಅಳೆಯಿರಿ. ನಿಮ್ಮ ಕಡೆಯ ಮಳೆಗೆ ಬ್ಯಾಟರಿಯ ತಲೆಯ ಮೇಲೆ ಆಮ್ಲದ ತೇವವೂ ಧೂಳೂ ಸೇರಿದ ಪದರ ಕೂರುತ್ತದೆ, ಅದರಲ್ಲೂ ಸ್ವಲ್ಪ ಸೋರಿಕೆಯಿರುತ್ತದೆ. ಅಡುಗೆ ಸೋಡ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಮುಚ್ಚಳಗಳೊಳಗೆ ಹೋಗದಂತೆ ಒರೆಸಿ.

ಇನ್ನು ಜಂಪರ್. ಟ್ರ್ಯಾಕ್ಟರು 12 ವೋಲ್ಟಿನದಾದ್ದರಿಂದ ಅಡ್ಡಿಯಿಲ್ಲ. ಲಾರಿಯದು ಎಂದೂ ಬೇಡ, ದೊಡ್ಡ ಲಾರಿ ಬಸ್ಸುಗಳು 24 ವೋಲ್ಟಿನವು. ಕೆಂಪು ಕೇಬಲನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ನಂತರ ಟ್ರ್ಯಾಕ್ಟರಿನ ಪ್ಲಸ್ಸಿಗೆ ಕಚ್ಚಿಸಿ. ಕಪ್ಪನ್ನು ಟ್ರ್ಯಾಕ್ಟರಿನ ಮೈನಸ್ಸಿಗೆ ಹಾಕಿ, ಕೊನೆಯ ತುದಿಯನ್ನು ಪಿಕಪ್ಪಿನ ಬ್ಯಾಟರಿಗಲ್ಲ, ದೂರದಲ್ಲಿರುವ ಎಂಜಿನ್ನಿನ ಲೋಹಕ್ಕೆ ಹಾಕಿ. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುವುದು ಖಚಿತ, ಬ್ಯಾಟರಿಯ ಬಾಯಲ್ಲಿ ಹೈಡ್ರೋಜನ್ ಇರುವುದೂ ಖಚಿತ, ಅವೆರಡು ಭೇಟಿಯಾಗಬಾರದು. ಟ್ರ್ಯಾಕ್ಟರನ್ನು ಐದು ಹತ್ತು ನಿಮಿಷ ಓಡಿಸಿದ ಮೇಲೆ ಕೀಲಿ ತಿರುಗಿಸಿ. ಸ್ಟಾರ್ಟ್ ಆದ ಮೇಲೆ ಡೈನಮೋ (ಆಲ್ಟರ್ನೇಟರ್) ಕೆಲಸ ಮಾಡುತ್ತಿದೆಯೇ ನೋಡೋಣ ಎಂದು ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಕ್ಲಾಂಪ್ ತೆಗೆಯುವ ಹಳೆಯ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ನಿಲ್ಲಿಸಿ. ಆಗ ಏಳುವ ವೋಲ್ಟೇಜಿನ ಅಲೆಗೆ ಇಂದಿನ ಗಾಡಿಗಳ ಕಂಪ್ಯೂಟರ್ ಪೆಟ್ಟಿಗೆ ಬಲಿಯಾಗಬಹುದು.

ಹಾನಿಯ ಬಗ್ಗೆ ಕೇಳಿದ್ದೀರಿ. ಜಂಪರಿನಿಂದ ಹಾನಿಯಿಲ್ಲ, ಬ್ಯಾಟರಿ ಮತ್ತೆ ಮತ್ತೆ ಬರಿದಾಗಿ ನಿಲ್ಲುವುದರಿಂದ ಇದೆ. ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜು ಮಾಡಿದರೂ ಕರಗುವುದಿಲ್ಲ. ಕಾರಣ ಸಿಗುವವರೆಗೆ, ಗಾಡಿ ನಿಲ್ಲಿಸುವಾಗ ಮೈನಸ್ ಕ್ಲಾಂಪ್ ಬಿಚ್ಚಿಡಿ.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಸಾಗಿಸುವ ನಮ್ಮ ಪಿಕಪ್ ಕೀಲಿ ತಿರುಗಿಸಿದರೆ ಒಂದೇ ಬಾರಿ ಟಕ್ ಎಂದು ಸುಮ್ಮನಾಗುತ್ತದೆ. ದೀಪ ಸ್ವಲ್ಪವೂ ಮಬ್ಬಾಗುವುದಿಲ್ಲ. ಚಾಲಕ ಕೆಳಗೆ ತೂರಿ ಜಾಕ್ ರಾಡಿನಿಂದ ಸೆಲ್ಫಿಗೆ ಎರಡು ಏಟು ಕೊಟ್ಟರೆ ಸ್ಟಾರ್ಟ್ ಆಗುತ್ತದೆ. ಹೀಗೆ ಎಷ್ಟು ದಿನ ನಡೆಸಬಹುದು?

ಉತ್ತರ: ಇದು ಸೆಲ್ಫಿನದೇ ದೋಷ. ದಿಂಡು ಚಲಿಸುತ್ತಿದೆ, ಆದ್ದರಿಂದ ಟಕ್ ಎನ್ನುತ್ತದೆ. ಹಿಡಿತ ತಪ್ಪುತ್ತಿಲ್ಲ, ಆದ್ದರಿಂದ ಒಂದೇ ಟಕ್. ಮೋಟರಿಗೆ ವಿದ್ಯುತ್ತು ಹರಿಯುತ್ತಲೇ ಇಲ್ಲ, ಆದ್ದರಿಂದ ದೀಪ ಮಬ್ಬಾಗುವುದಿಲ್ಲ. ಸೊಲೆನಾಯ್ಡಿನ ತಾಮ್ರದ ಬಿಲ್ಲೆ ಸುಟ್ಟು ಕರಕಾಗಿರಬೇಕು, ಇಲ್ಲವೇ ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದು, ಆ ಭಾಗದ ತಾಮ್ರದ ಉರುಳೆಯಾದ ಕಮ್ಯುಟೇಟರನ್ನು ಮುಟ್ಟದಿರಬೇಕು. ಏಟು ಬಿದ್ದಾಗ ಸಿಕ್ಕಿಕೊಂಡ ಬ್ರಶ್ ಒಂದಿಷ್ಟು ಜಾರಿ ಮುಟ್ಟುತ್ತದೆ. ಏಟಿನಿಂದ ಸ್ಟಾರ್ಟ್ ಆಗುತ್ತಿದೆ ಎಂದರೆ ಬ್ರಶ್ಶೇ ಎಂದು ನನ್ನ ಅನುಮಾನ. ಬ್ರಶ್ ಮುಗಿಯುತ್ತ ಬಂದಾಗ ಮಾತ್ರ ಹೀಗಾಗುವುದರಿಂದ ಹೆಚ್ಚು ದಿನ ಉಳಿದಿಲ್ಲ. ಮೇಲಾಗಿ ಹೊಸ ಮಾದರಿಯ ಕೆಲವು ಸೆಲ್ಫುಗಳಲ್ಲಿ ಒಳಗೋಡೆಗೆ ಅಯಸ್ಕಾಂತದ ತುಂಡುಗಳನ್ನು ಅಂಟಿಸಿರುತ್ತಾರೆ, ಏಟಿಗೆ ಅವು ಒಡೆದರೆ ಬ್ರಶ್ಶಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಡೀ ಸೆಲ್ಫಿನ ಖರ್ಚಾಗುತ್ತದೆ. ಇಳಿಸಿದಾಗ ಬ್ರಶ್, ಬುಶ್, ಬೆಂಡೆಕ್ಸ್ (ಹಲ್ಲುಚಕ್ರದ ಜೋಡಣೆ), ಬಿಲ್ಲೆ ನಾಲ್ಕನ್ನೂ ನೋಡಿಸಿ, ಅಷ್ಟು ಕೆಲಸಕ್ಕೆ ಎರಡು ಬಾರಿ ಇಳಿಸುವುದು ಬೇಡ.

ಚಾಲಕರಿಗೆ ಒಂದು ಮಾತು ಹೇಳಿ. ಕೀಲಿ ಆನ್ ಆಗಿರುವಾಗ ಗಾಡಿಯ ಕೆಳಗೆ ತೂರಿ ಸ್ಕ್ರೂಡ್ರೈವರಿನಿಂದ ಸೆಲ್ಫಿನ ಬೋಲ್ಟುಗಳನ್ನು ಸೇರಿಸಿ ಸ್ಟಾರ್ಟ್ ಮಾಡುವವರಿದ್ದಾರೆ. ಗೇರಿನಲ್ಲಿದ್ದರೆ ಗಾಡಿ ಅವರ ಮೇಲೆಯೇ ಹಾಯುತ್ತದೆ.

ಸೆಲ್ಫ್ ಎಂಬ ಈ ಹೆಸರು ಬಂದದ್ದು ಸೆಲ್ಫ್ ಸ್ಟಾರ್ಟರ್ ಎಂಬುದರಿಂದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಅದು 1912ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅಲ್ಲಿಯವರೆಗೆ ಮುಂದೆ ನಿಂತು ಕೈಯಿಂದ ಹ್ಯಾಂಡಲ್ ತಿರುಗಿಸಬೇಕಿತ್ತು, ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರೂ ಇದ್ದರು. ನಿಮ್ಮ ಚಾಲಕರ ಜಾಕ್ ರಾಡ್ ಅದಕ್ಕಿಂತ ಹೆಚ್ಚು ಸುರಕ್ಷಿತವೇನಲ್ಲ.

ಪ್ರಶ್ನೆ: ಬೆಳಗಾವಿ ಜಿಲ್ಲೆಯ ನದಿ ದಡದ ಊರು ನಮ್ಮದು. ನೆರೆ ಬಂದಾಗ ಗಾಡಿ ಬಾನೆಟ್ಟಿನವರೆಗೆ ನೀರಿನಲ್ಲಿ ನಿಂತಿತ್ತು. ನೀರಿಳಿದ ಮೇಲೆ ಬೇರೆ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದರೆ ದಬ್ ಎಂದು ಒಂದೇ ಸದ್ದು ಬಂದು ದೀಪಗಳೆಲ್ಲ ಮಂಕಾದವು. ಎಳೆದು ಸ್ಟಾರ್ಟ್ ಮಾಡಬಹುದೇ?

ಉತ್ತರ: ಎಳೆಯಬೇಡಿ, ತಳ್ಳಬೇಡಿ, ಕೀಲಿಯನ್ನೂ ಮತ್ತೆ ಮುಟ್ಟಬೇಡಿ. ದೀಪ ಮಂಕಾಯಿತು ಎಂದರೆ ಮೋಟರು ತನ್ನ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಲು ನೋಡಿದೆ, ಎಂಜಿನ್ನು ತಿರುಗಲು ಒಪ್ಪುತ್ತಿಲ್ಲ. ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ನೀರು ಹೋಗಿರುವ ಸಂಭವ ಹೆಚ್ಚು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. 17ಕ್ಕೆ 1ರ ಕಂಪ್ರೆಶನ್ ಇರುವ ಡೀಸೆಲ್ ಎಂಜಿನ್ನಿನ 600 ಸಿಸಿಯ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 40 ಮಿಲಿಲೀಟರಿಗಿಂತ ಕಡಿಮೆ, ಸಣ್ಣ ಟೀ ಲೋಟದ ಅರ್ಧವೂ ಇಲ್ಲ. ಅಷ್ಟು ನೀರು ಸಾಕು ಪಿಸ್ಟನ್ನನ್ನು ತಡೆಯಲು. ಸೆಲ್ಫು ತಡೆದು ನಿಂತದ್ದು ನಿಮ್ಮ ಅದೃಷ್ಟ; ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆದಿದ್ದರೆ ಅದರ ಬಲಕ್ಕೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತಿತ್ತು.

ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಸಾಗಿಸಿ. ಮೆಕ್ಯಾನಿಕ್ ಗ್ಲೋ ಪ್ಲಗ್‌ಗಳನ್ನೋ ಇಂಜೆಕ್ಟರುಗಳನ್ನೋ ತೆಗೆದು, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕಬೇಕು. ಆಗಲೂ ತಿರುಗದಿದ್ದರೆ ತುಕ್ಕಿನಿಂದ ಹಿಡಿದಿರಬಹುದು, ಎಂಜಿನ್ ಬಿಚ್ಚಲೇಬೇಕು. ವಿಮೆಯಿದ್ದರೆ ಏನನ್ನೂ ಬಿಚ್ಚುವ ಮೊದಲು ಕಂಪನಿಗೆ ತಿಳಿಸಿ, ನೀರಿನ ಗುರುತು ಕಾಣುವಂತೆ ಫೋಟೊ ತೆಗೆದಿಡಿ. ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಮುರಿದರೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಇಲ್ಲದ ಪಾಲಿಸಿಗಳಲ್ಲಿ ಆ ಭಾಗದ ಪರಿಹಾರವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಎಂಜಿನ್ ಸಲೀಸಾಗಿ ತಿರುಗಿತು ಎಂದಾದರೂ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ, ಡೀಸೆಲ್ ಟ್ಯಾಂಕಿನ ತಳದ ನೀರು ಇಳಿಸಿದ ಮೇಲೆಯೇ ಕೀಲಿ ತಿರುಗಿಸಲು ಹೇಳಿ.